ಕಪಾಟಿನೊಳಗಿನ ಯೋಜನೆ

2023ರ ಜುಲೈ ತಿಂಗಳ ಒಂದು ಸೋಮವಾರ ಬೆಳಿಗ್ಗೆ ನಾವು ಎಂದಿನಂತೆ ಕಚೇರಿಯ ಮೆಟ್ಟಿಲು ಹತ್ತಿ ಬಾಗಿಲಿಗೆ ಬಂದರೆ, ಶಿಪಾಯಿ ಮಾಮಾ ಎರಡೂ ಕೈ ಅಗಲಿಸಿಕೊಂಡು ಅಡ್ಡ ನಿಂತಿದ್ದರು. ಪ್ಯಾಂಟು ಮೊಣಕಾಲಿನವರೆಗೆ ಮಡಿಚಿತ್ತು, ಕೈಯಲ್ಲಿ ಕಸಬರಿಗೆ. "ಭಾವೂ, ಒಳಗೆ ಕಾಲಿಡಬೇಡಿ. ನೀರಿನಲ್ಲಿ ಲೈಟಿನ ವೈರು ಬಿದ್ದಿದೆ. ಮೇನ್ ಸ್ವಿಚ್ಚು ನಾನು ತೆಗೆದಿದ್ದೇನೆ, ಆದರೂ ಬೇಡ" ಎಂದರು. ಶನಿವಾರ, ಭಾನುವಾರ ಎರಡು ದಿನವೂ ಮಳೆ ಬಿಡದೆ ಹೊಯ್ದಿತ್ತು. ಮಾಳಿಗೆಯ ನೀರು ಹೋಗುವ ಕೊಳವೆಯಲ್ಲಿ ಕಸ ಕಟ್ಟಿಕೊಂಡು, ನೀರೆಲ್ಲ ತಾರಸಿಯ ಬಿರುಕಿನಿಂದ ನಮ್ಮ ದಫ್ತರಖಾನೆಗೆ ಇಳಿದಿತ್ತು. ಮೇಜಿನ ಕೆಳಗೆ ನೆಲದ ಮೇಲೆ ಇಟ್ಟಿದ್ದ ಕಂಪ್ಯೂಟರಿನ ಪೆಟ್ಟಿಗೆಗಳು ಅರ್ಧ ಮುಳುಗಿದ್ದವು. ಕೆಳಗಿನ ಎರಡು ಸಾಲಿನ ಫೈಲುಗಳು ನೆನೆದು ಅವಲಕ್ಕಿಯ ಹಾಗೆ ಉಬ್ಬಿಕೊಂಡಿದ್ದವು.

ಇಂತಹ ಹೊತ್ತಿಗಾಗಿಯೇ ನಮ್ಮ ಕಚೇರಿಯಲ್ಲಿ ಒಂದು ಯೋಜನೆ ಇರಲಿಲ್ಲವೆಂದಲ್ಲ. ಇತ್ತು. 46 ಪುಟಗಳ ಯೋಜನೆ. ನೀಟಾಗಿ ಟೈಪು ಮಾಡಿ, ನೀಲಿ ರಟ್ಟು ಹಾಕಿ, ಕಬ್ಬಿಣದ ಕಪಾಟಿನಲ್ಲಿ ಭದ್ರವಾಗಿ ಇಟ್ಟಿದ್ದರು. ಕಪಾಟು ಇದ್ದದ್ದು ದಫ್ತರಖಾನೆಯಲ್ಲಿ, ಅಂದರೆ ನೀರಿನಲ್ಲಿ. ಅದರ ಕೀಲಿಕೈ ಇದ್ದದ್ದು ನಮ್ಮ ಹೆಡ್ ಕ್ಲಾರ್ಕರ ಬಳಿ. ಅವರು ರಜೆಯ ಮೇಲೆ ಕೊಂಕಣದ ತಮ್ಮ ಊರಿಗೆ ಹೋಗಿದ್ದರು, ಫೋನಿಗೆ ಸಿಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಬೀಗ ಒಡೆಸಿದೆವು. ಒಳಗಿನ ಫೈಲು ದೈವವಶಾತ್ ಒಣಗಿಯೇ ಇತ್ತು. ತೆಗೆದು ನೋಡಿದರೆ ಮೊದಲನೆಯ ಪುಟದಲ್ಲಿಯೇ 'ಕೂಡಲೆ ಸಂಪರ್ಕಿಸಬೇಕಾದವರು' ಎಂದು ಏಳು ಹೆಸರು. ಅವರಲ್ಲಿ ಮೂವರು ನಿವೃತ್ತರು. ಒಬ್ಬರು ನಾಗಪುರಕ್ಕೆ ವರ್ಗವಾದವರು. ಒಬ್ಬರು ತೀರಿಕೊಂಡು ಎರಡು ವರ್ಷವಾಗಿತ್ತು. ಒಂದು ನಂಬರು ಯಾವುದೋ ಬೇಕರಿಯದು. ಉಳಿದವರು ನಮ್ಮ ಸುಪರಿಂಟೆಂಡೆಂಟ್ ಸಾಹೇಬರು. ಅವರು ನಮ್ಮ ಪಕ್ಕದಲ್ಲಿಯೇ ನಿಂತು ಆ ಪಟ್ಟಿಯನ್ನು ಓದುತ್ತಿದ್ದರು!

ಕೊನೆಯ ಪುಟದಲ್ಲಿ 'ನೋಡಲಾಯಿತು' ಎಂದು ಎಲ್ಲರ ಚಿಕ್ಕ ರುಜುಗಳಿದ್ದವು. ನಮ್ಮ ರುಜುವೂ ಇತ್ತು. ಯಾವಾಗ ಹಾಕಿದ್ದೆವೋ ನೆನಪಿಲ್ಲ. ಓದಿ ಹಾಕಿದ್ದಲ್ಲವೆಂಬುದು ಮಾತ್ರ ಖಂಡಿತ.

ನೆನೆದ ಫೈಲುಗಳಲ್ಲಿ ಒಂದು ಕುಟುಂಬ ಪಿಂಚಣಿಯದು. ನಿವೃತ್ತ ಡ್ರೈವರೊಬ್ಬರು ಆ ಚಳಿಗಾಲದಲ್ಲಿ ತೀರಿಕೊಂಡಿದ್ದರು. ಅವರ ಹೆಂಡತಿಯ ಹೆಸರಿಗೆ ಪಿಂಚಣಿ ಮಾಡಿಕೊಡುವ ಕಾಗದಗಳು ಎಲ್ಲ ಮುಗಿದು, ಒಂದು ಮೇಲಿನ ರುಜು ಮಾತ್ರ ಬಾಕಿಯಿತ್ತು. ಆ ತಾಯಿ ಕಲ್ಯಾಣದಿಂದ ಗಾಡಿ ಹಿಡಿದು ಬರುವವರು. ಅಂದಿನ ವಾರ ಮೂರು ದಿನ ಬಂದು ಹೊರಗಿನ ಬೆಂಚಿನ ಮೇಲೆ ಕುಳಿತರು. ಮೂರನೆಯ ದಿನ ನಾವು ಹೋಗಿ ಇದ್ದ ವಿಷಯ ಹೇಳಿದೆವು. ಸಿಟ್ಟಾಗಲಿಲ್ಲ. "ಬಾಳಾ, ಅದರ ಇನ್ನೊಂದು ಪ್ರತಿ ನಿಮ್ಮ ಹತ್ತಿರ ಇರಲಿಲ್ಲವೆ?" ಎಂದು ಕೇಳಿದರು, ಅಷ್ಟೆ. ಇರಲಿಲ್ಲ. ಮತ್ತೆ ಮದುವೆಯ ದಾಖಲೆ, ಮರಣದ ದಾಖಲೆ, ಬ್ಯಾಂಕಿನ ಕಾಗದ, ಎಲ್ಲ ಹೊಸದಾಗಿ ಕೂಡಿಸಿ ಆಜ್ಞೆ ಹೊರಡುವಷ್ಟರಲ್ಲಿ ಹನ್ನೊಂದು ವಾರಗಳಾದವು. ಆ ಹನ್ನೊಂದು ವಾರ ಅವರ ಮನೆ ಹೇಗೆ ನಡೆಯಿತು ಎಂದು ನಾವು ಕೇಳಲಿಲ್ಲ, ಕೇಳುವ ಮುಖವಿರಲಿಲ್ಲ.

ಹೊಸ ಯೋಜನೆ ಬರೆಯುವ ಕೆಲಸ ನಮ್ಮ ತಲೆಗೆ ಬಂತು. "ನೀವು ಬಿ.ಎ. ಆದವರು, ಬರೆಯುತ್ತೀರಿ" ಎಂದರು ಸಾಹೇಬರು. ದೊಡ್ಡ ಕಂಪನಿಗಳಲ್ಲಿ ಇದಕ್ಕೆ ಬಿಸಿನೆಸ್ ಕಂಟಿನ್ಯುಯಿಟಿ ಎಂದು ಹೆಸರು. ಅದಕ್ಕೊಂದು ಅಂತರರಾಷ್ಟ್ರೀಯ ಮಾನದಂಡವೂ ಇದೆ. ಐಎಸ್‌ಒ 22301 ಎಂದು ಅದರ ಸಂಖ್ಯೆ. 2012ರಲ್ಲಿ ಹೊರಟು, 2019ರಲ್ಲಿ ತಿದ್ದುಪಡಿಯಾಯಿತು. ನಾವು ಇದನ್ನು ಮನೆಯಲ್ಲಿ ವಿವರಿಸತೊಡಗಿದಾಗ ನಮ್ಮ ಮನೆಯಾಕೆ, "ಒಲೆ ಆರದ ಹಾಗೆ ನೋಡಿಕೊಳ್ಳೋದು ತಾನೆ? ಎರಡನೆಯ ಸಿಲಿಂಡರು ಇಟ್ಟುಕೊಳ್ಳೋದು ಮತ್ತ್ಯಾಕೆ?" ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಟ್ಟಳು. ನಿಜ. ಆದರೆ ಒಲೆಗೆ ಮೊದಲು ಇನ್ನೊಂದಿದೆ. ಬೆಂಕಿಯೋ ನೀರೋ ಬಂದ ಮೊದಲನೆಯ ಗಂಟೆಯಲ್ಲಿ ಯಾರು ಏನು ಹೇಳಬೇಕು, ಯಾರ ಮಾತು ನಡೆಯಬೇಕು ಎಂಬುದು. ಜೀವ ಉಳಿದರೆ ತಾನೆ ಒಲೆ?

ಇದನ್ನು ಬರೆಯಲು ಕುಳಿತಾಗ ನಮಗೆ ಮೊದಲು ನೆನಪಾದದ್ದು 2005ರ ಜುಲೈ 26. ಮುಂಬಯಿಯ ವಾಚಕರಿಗೆ ಆ ದಿನವನ್ನು ಹೇಳಿಕೊಡಬೇಕಾಗಿಲ್ಲ. ಬೇರೆ ಊರಿನವರಿಗಾಗಿ ಎರಡು ಮಾತು. ಆ ಮಂಗಳವಾರದಿಂದ ಮರುದಿನ ಬೆಳಗಿನವರೆಗೆ ಸಾಂತಾಕ್ರೂಜಿನ ಹವಾಮಾನ ಕೇಂದ್ರದಲ್ಲಿ 944 ಮಿಲಿಮೀಟರ್ ಮಳೆ ದಾಖಲಾಯಿತು. ಅದೇ ಹೊತ್ತಿನಲ್ಲಿ, ಅಲ್ಲಿಂದ ಇಪ್ಪತ್ತು ಇಪ್ಪತ್ತೆರಡು ಕಿಲೋಮೀಟರ್ ದಕ್ಷಿಣಕ್ಕಿರುವ ಕೊಲಾಬಾದಲ್ಲಿ ಬಿದ್ದದ್ದು 73 ಮಿಲಿಮೀಟರ್ ಮಾತ್ರ. ಒಂದೇ ಊರು, ಒಂದೇ ದಿನ!

ನಾವು ಆಗ ಒಂಬತ್ತನೆಯ ತರಗತಿಯ ಹುಡುಗರು. ಮನೆ ಘಾಟ್ಕೋಪರಿನಲ್ಲಿ. ತಂದೆಯವರು ಕೋಟೆಯ ಕಡೆ, ಅಂದರೆ ಫೋರ್ಟಿನಲ್ಲಿ, ಒಂದು ಖಾಸಗಿ ಸಂಸ್ಥೆಯ ಲೆಕ್ಕದ ವಿಭಾಗದಲ್ಲಿದ್ದರು. ಮಧ್ಯಾಹ್ನ ಎರಡರ ಮೇಲೆ ನಮ್ಮ ಕಡೆ ಆಕಾಶ ಕತ್ತಲಾಗಿ ಸುರಿಯತೊಡಗಿತು. ನಾಲ್ಕಕ್ಕೆ ನಮ್ಮ ಚಾಳಿನ ಕೆಳಗಿನ ಮನೆಗಳವರು ಮಕ್ಕಳನ್ನೆತ್ತಿಕೊಂಡು ಮೇಲೆ ಬಂದರು. ಇತ್ತ ಫೋರ್ಟಿನ ಕಚೇರಿಗಳಲ್ಲಿ ಕುಳಿತವರ ಕಿಟಕಿಯ ಹೊರಗೆ ಸಾಧಾರಣ ಮಳೆ. ಗಾಡಿಗಳು ತಡವಾಗುತ್ತಿವೆ ಎಂಬ ಸುದ್ದಿ ಬಂದಾಗ ಅವರೆಲ್ಲ ಮಾಡಿದ್ದು ಯಾರಾದರೂ ಮಾಡುವಂಥದ್ದನ್ನೇ. "ಬೇಗ ಹೊರಡೋಣ, ಆಮೇಲೆ ಗಾಡಿ ಸಿಗಲಿಕ್ಕಿಲ್ಲ" ಎಂದು ಹೊರಟರು. ಒಣಗಿದ, ಗಟ್ಟಿಯಾದ ಕಟ್ಟಡಗಳನ್ನು ಬಿಟ್ಟು ಲಕ್ಷಗಟ್ಟಲೆ ಜನ ನೇರವಾಗಿ ನೀರಿನ ಕಡೆಗೆ ಹೊರಟರು.

ತಂದೆಯವರ ಕಚೇರಿಯಲ್ಲಿ ಒಬ್ಬಿಬ್ಬರಿಗೆ, ಇಂದು ರಾತ್ರಿ ಇಲ್ಲಿಯೇ ಇದ್ದರೆ ಒಳ್ಳೆಯದೇನೋ ಎನ್ನಿಸಿತ್ತಂತೆ. ಆದರೆ ಮ್ಯಾನೇಜರರು ಅಂದು ಪುಣೆಯಲ್ಲಿದ್ದರು. ಕಚೇರಿಯಲ್ಲಿ ರಾತ್ರಿ ಉಳಿಯಲು ಅಪ್ಪಣೆ ಕೊಡುವವರು ಯಾರು? ಚಹಾ, ಬ್ರೆಡ್ಡಿಗೆ ಹಣ ತೆಗೆಯುವವರು ಯಾರು? ಬಾಗಿಲು ಹಾಕುವ ವಾಚಮನ್ನನಿಗೆ ಹೇಳುವವರು ಯಾರು? ಯಾರೂ ಇಲ್ಲದ್ದರಿಂದ ಎಲ್ಲರೂ ಕೊಡೆ ತೆಗೆದುಕೊಂಡರು. ತಂದೆಯವರ ಗಾಡಿ ದಾದರ್ ದಾಟಿ ನಿಂತಿತು. ಹಳಿಯ ಮೇಲೆ ಇಳಿದು ನಡೆದರು. ಸಾಯನ್ ತಲುಪುವಷ್ಟರಲ್ಲಿ ಕತ್ತಲೆ, ನೀರು ಎದೆಮಟ್ಟ. ಮುಂದೆ ಕುರ್ಲಾ, ಮಿಠಿ ನದಿಯ ನೆರೆ. ಯಾರೋ ಗುರುತಿಲ್ಲದ ಗುಜರಾತಿ ಮನೆಯವರು ಕೈಹಿಡಿದು ಮೇಲಕ್ಕೆ ಕರೆದುಕೊಂಡರು. ಅವರ ನಡುಮನೆಯಲ್ಲಿ ಆ ರಾತ್ರಿ ಹದಿನಾಲ್ಕು ಜನ ಕುಳಿತೇ ಬೆಳಗು ಮಾಡಿದರಂತೆ. ಇತ್ತ ಮನೆಯಲ್ಲಿ ವಿದ್ಯುತ್ತಿಲ್ಲ, ಫೋನಿಲ್ಲ. ನಮ್ಮ ತಾಯಿ ಮೊಂಬತ್ತಿ ಹಚ್ಚಿ ಕಿಟಕಿಯಲ್ಲಿಟ್ಟು, ಅದು ಕರಗಿದ ಹಾಗೆ ಇನ್ನೊಂದು ಹಚ್ಚಿಡುತ್ತಿದ್ದರು. ನಮ್ಮೊಡನೆ ಮಾತನಾಡಲಿಲ್ಲ. ಮರುದಿನ ಮಧ್ಯಾಹ್ನ ತಂದೆಯವರು ಬಂದಾಗಲೂ ಮೊದಲು ಮಾತನಾಡಲಿಲ್ಲ, ಬಿಸಿನೀರು ಕಾಯಿಸಲು ಹೋದರು. ಅಂದು ಮುಂಬಯಿಯಲ್ಲಿ ಪ್ರಾಣ ಕಳೆದುಕೊಂಡವರು ನೂರಾರು. ಅವರಲ್ಲಿ ಕಾರಿನ ಗಾಜು ಮೇಲೇರಿಸಿಕೊಂಡು ಕುಳಿತಲ್ಲಿಯೇ ಉಸಿರುಗಟ್ಟಿದವರೂ ಇದ್ದರು.

ಆ ವರ್ಷದ ಡಿಸೆಂಬರಿನಲ್ಲಿ ದೇಶಕ್ಕೆ ವಿಪತ್ತು ನಿರ್ವಹಣಾ ಕಾಯಿದೆ ಬಂತು. ಸರಕಾರದ ಇಲಾಖೆಗಳೂ ತಮ್ಮ ತಮ್ಮ ಯೋಜನೆ ಬರೆದಿಡಬೇಕೆಂದು ಅದರಲ್ಲಿ ವಿಧಿಸಿದೆ. ಮುಂಬಯಿಯ ಬೇರೆ ಬೇರೆ ಭಾಗಗಳಲ್ಲಿ ಮಳೆಯನ್ನು ತಾನಾಗಿಯೇ ಅಳೆದು ತಿಳಿಸುವ ಮಾಪಕಗಳು ಬಂದವು. ಈಗ ಕೊಲಾಬಾದಲ್ಲಿ ಕುಳಿತವನಿಗೆ ಕುರ್ಲಾದ ಮಳೆ ತಿಳಿಯುತ್ತದೆ. ಸಮುದ್ರದ ಭರತಿ ನಾಲ್ಕೂವರೆ ಮೀಟರಿಗಿಂತ ಏರುವ ದಿನಗಳ ಪಟ್ಟಿಯನ್ನು ಮಹಾನಗರಪಾಲಿಕೆ ಮಳೆಗಾಲಕ್ಕೆ ಮೊದಲೇ ಹೊರಡಿಸುತ್ತದೆ. 1916 ಎಂಬ ನಂಬರಿಗೆ ಫೋನ್ ಮಾಡಿ ವಿಚಾರಿಸಬಹುದು. ಇಷ್ಟೆಲ್ಲ ಇದ್ದೂ "ಇಂದು ಯಾರೂ ಹೊರಡಬೇಡಿ" ಎಂದು ಹೇಳುವವನು ಕಚೇರಿಯಲ್ಲಿ ಒಬ್ಬನಿರಬೇಕಲ್ಲ? ನಾವು ಬರೆದ ಯೋಜನೆಯ ಮೊದಲನೆಯ ಸಾಲು ಇದೇ. ಆ ಮಾತು ಹೇಳುವ ಅಧಿಕಾರ ಸಾಹೇಬರದು. ಅವರಿಲ್ಲದಿದ್ದರೆ ಹೆಡ್ ಕ್ಲಾರ್ಕರದು. ಅವರೂ ಇಲ್ಲದಿದ್ದರೆ ಅಂದು ಹಾಜರಿದ್ದವರಲ್ಲಿ ಸೇವೆಯಲ್ಲಿ ಹಿರಿಯರಾದವರದು, ಅವರು ಶಿಪಾಯಿಯೇ ಆಗಿರಲಿ. ಈ ಕೊನೆಯ ಮಾತಿಗೆ ಮೇಲಿನವರು ಸ್ವಲ್ಪ ಹುಬ್ಬೇರಿಸಿದರು. ಸೋಮವಾರ ಬೆಳಿಗ್ಗೆ ಮೇನ್ ಸ್ವಿಚ್ಚು ತೆಗೆದವರು ಯಾರು ಎಂದು ನಮ್ಮ ಸಾಹೇಬರು ಕೇಳಿದ ಮೇಲೆ ಸುಮ್ಮನಾದರು.

ಅನಾಹುತ ಎಂದೊಡನೆ ನಮ್ಮ ಕಣ್ಣು ಯಂತ್ರದ ಕಡೆಗೆ ಓಡುತ್ತದೆ. ಆದರೆ ಹಲವು ಸಲ ಯಂತ್ರ ನೆಟ್ಟಗಿದ್ದು, ಮನುಷ್ಯ ಬರಲಾಗದೆ ಕೆಲಸ ನಿಲ್ಲುತ್ತದೆ. ಚೆನ್ನೈಯ ವಾಚಕರು 2015ರ ಡಿಸೆಂಬರ್ ತಿಂಗಳ ನೆರೆಯನ್ನು ಮರೆತಿರಲಾರರು. 1878ರಲ್ಲಿ ಆರಂಭವಾದ 'ದಿ ಹಿಂದೂ' ಪತ್ರಿಕೆಯ ಚೆನ್ನೈ ಆವೃತ್ತಿ, ಮೊದಲ ಬಾರಿಗೆ, ಡಿಸೆಂಬರ್ 2ರಂದು ಅಚ್ಚಾಗಲಿಲ್ಲ. ಮುದ್ರಣಾಲಯವಿದ್ದದ್ದು ಊರ ಹೊರಗೆ ಮರೈಮಲೈ ನಗರದಲ್ಲಿ. ಕೆಲಸಗಾರರಿಗೆ ಅಲ್ಲಿಗೆ ಹೋಗಿ ತಲುಪಲು ದಾರಿಯಿರಲಿಲ್ಲ. ಇನ್ನು 2020ರ ಮಾರ್ಚಿನ ಮಾತಂತೂ ಇದ್ದೇ ಇದೆ. ಊರಿನ ಕಟ್ಟಡಗಳೆಲ್ಲ ಗಟ್ಟಿಯಾಗಿದ್ದವು, ಒಳಗೆ ಹೋಗುವವರೇ ಇರಲಿಲ್ಲ.

ಕಾಗದದ ಮಾತಿಗೆ ಬಂದರೆ, ನಮ್ಮಂಥ ಗುಮಾಸ್ತರಿಗೆ ಮಂತ್ರಾಲಯದ ಬೆಂಕಿಯೇ ದೊಡ್ಡ ಪಾಠ. 2012ರ ಜೂನ್ 21ರ ಮಧ್ಯಾಹ್ನ ನಾಲ್ಕನೆಯ ಅಂತಸ್ತಿನಲ್ಲಿ ಹತ್ತಿದ ಉರಿ ಮೇಲಿನ ಅಂತಸ್ತುಗಳನ್ನೂ ನುಂಗಿತು. ಐದು ಜನ ಸತ್ತರು. ರಾಶಿ ರಾಶಿ ಫೈಲುಗಳು ಬೂದಿಯಾದವು. ಮೊದಲೇ ಸ್ಕ್ಯಾನ್ ಮಾಡಿ ಬೇರೆ ಕಡೆ ಇಟ್ಟಿದ್ದವು ಮಾತ್ರ ಉಳಿದವು. ನಾವು ಇದನ್ನು 2012ರಿಂದಲೂ ಬಲ್ಲೆವು. ಬಲ್ಲವರಾಗಿಯೇ ಆ ತಾಯಿಯ ಕಾಗದಗಳನ್ನು ಕೆಳಗಿನ ಸಾಲಿನಲ್ಲಿ, ಒಂದೇ ಪ್ರತಿಯಾಗಿ ಇಟ್ಟಿದ್ದೆವು.

ಇನ್ನೊಂದು ಪ್ರತಿ, ಇನ್ನೊಂದು ದಾರಿ ಇದ್ದರೆ ಸಾಕೆ? ಅದೂ ಸಾಲದೆಂದು 2021ರ ಫೆಬ್ರುವರಿ 24ರಂದು ತಿಳಿಯಿತು. ಅಂದು ರಾಷ್ಟ್ರೀಯ ಶೇರು ಮಾರುಕಟ್ಟೆಯ ವ್ಯವಹಾರ ಬೆಳಿಗ್ಗೆ 11-40ಕ್ಕೆ ನಿಂತುಹೋಯಿತು. ಅವರು ಎರಡು ಬೇರೆ ಬೇರೆ ಟೆಲಿಫೋನ್ ಕಂಪನಿಗಳಿಂದ ತಂತಿ ಪಡೆದಿದ್ದರು. ಎರಡೂ ಕಡೆ ತೊಂದರೆಯಾಯಿತು. ಮುಂಬಯಿ ಕೆಟ್ಟರೆ ನಡೆಸಲೆಂದು ಚೆನ್ನೈಯಲ್ಲಿ ಇನ್ನೊಂದು ಕೇಂದ್ರವನ್ನೂ ಕಟ್ಟಿದ್ದರು. ಆದರೆ ಅಂದು ಅಲ್ಲಿಗೆ ವ್ಯವಹಾರ ಸಾಗಲಿಲ್ಲ. ಮತ್ತೆ ಆರಂಭವಾದದ್ದು 3-45ಕ್ಕೆ, ಐದರವರೆಗೆ ಹೊತ್ತು ಬೆಳೆಸಿ. ಆ ನಡುವೆ ಸಣ್ಣ ಹಣದವರು ಎಷ್ಟು ಜನ ಉಗುರು ಕಚ್ಚಿಕೊಂಡು ಕುಳಿತಿದ್ದರೋ. ಅದಾದ ಮೇಲೆ ಸೆಬಿಯವರು ನಿಯಮ ಬಿಗಿಮಾಡಿದರು. ತೊಂದರೆ ಕಂಡ 30 ನಿಮಿಷದೊಳಗೆ 'ಇದು ಅನಾಹುತ' ಎಂದು ಸಾರಬೇಕು, ಸಾರಿದ 45 ನಿಮಿಷದೊಳಗೆ ಕೆಲಸ ನಡೆಯಬೇಕು. ಈ ಮೊದಲನೆಯ ನಿಯಮ ನಮಗೆ ಬಹಳ ಮೆಚ್ಚಾಯಿತು. ಏಕೆಂದರೆ 'ಈಗ ಸರಿಹೋದೀತು, ಇನ್ನು ಹತ್ತು ನಿಮಿಷ ನೋಡೋಣ' ಎನ್ನುತ್ತಲೇ ಹೊತ್ತು ಕಳೆಯುವುದು ನಮ್ಮೆಲ್ಲರ ಸ್ವಭಾವ. 2024ರ ಮಾರ್ಚ್ 2, ಶನಿವಾರ, ರಜೆಯ ದಿನವೇ ವಿಶೇಷ ವ್ಯವಹಾರವಿಟ್ಟು, ನಡುವೆ ಎರಡನೆಯ ಕೇಂದ್ರಕ್ಕೆ ಬದಲಾಯಿಸಿ ನಡೆಸಿ ನೋಡಿದರು. ಕಪಾಟಿನಿಂದ ಯೋಜನೆಯನ್ನು ಹೊರಗೆ ತೆಗೆದು ಗಾಳಿ ಆಡಿಸುವುದೆಂದರೆ ಹೀಗೆ.

ನಾವು ನಮ್ಮ ಯೋಜನೆಯನ್ನು ಬರೆದ ರೀತಿ ಬಹಳ ಸರಳ. ಒಂದು ಹಾಳೆಯಲ್ಲಿ ಕಚೇರಿಯ ಎಲ್ಲ ಕೆಲಸಗಳನ್ನೂ ಬರೆದು, ಪ್ರತಿಯೊಂದರ ಮುಂದೆ 'ಇದು ಎಷ್ಟು ದಿನ ಉಪವಾಸ ಇದ್ದೀತು?' ಎಂದು ಕೇಳಿಕೊಂಡೆವು. ವಾರ್ಷಿಕ ವರದಿ ಒಂದು ತಿಂಗಳು ಉಪವಾಸವಿದ್ದರೂ ಯಾರೂ ಅಳುವುದಿಲ್ಲ. ಆವಕ ಜಾವಕ ಒಂದು ದಿನ ತಡೆದೀತು, ಎರಡನೆಯ ದಿನ ಗೊಂದಲ. ಮಾಹಿತಿ ಹಕ್ಕಿನ ಅರ್ಜಿಗೆ ಕಾನೂನಿನಂತೆ 30 ದಿನ, ಜೀವ ಸ್ವಾತಂತ್ರ್ಯಗಳ ಮಾತಾದರೆ 48 ಗಂಟೆ. ಪಗಾರದ ಬಿಲ್ಲು ತಿಂಗಳ ಮೊದಲ ವಾರ ಬೇಕಾದರೆ ಕಾದೀತು, ಕೊನೆಯ ವಾರ ಒಂದು ದಿನವೂ ಕಾಯದು. ಪಿಂಚಣಿ, ಕುಟುಂಬ ಪಿಂಚಣಿಗಳ ಮುಂದೆ ಸೊನ್ನೆ ಬರೆದೆವು. ಇದಾದ ಮೇಲೆ ಇನ್ನೊಂದು ಪ್ರಶ್ನೆ: ಬರೆದದ್ದು ಅಳಿಸಿಹೋದರೆ ಎಷ್ಟು ದಿನದ ಬರಹವನ್ನು ನೆನಪಿನಿಂದ ಮತ್ತೆ ಬರೆದೇವು? ಒಂದು ದಿನದ್ದು ಬರೆಯಬಹುದು, ಒಂದು ವಾರದ್ದು ಸಾಧ್ಯವಿಲ್ಲ. ಆದ್ದರಿಂದ ನಕಲು ದಿನವೂ ಆಗಬೇಕು, ಆ ನಕಲು ಬೇರೆ ಕಟ್ಟಡದಲ್ಲಿರಬೇಕು.

ಆಮೇಲೆ ಮಾಮಾ ಅವರನ್ನು ಕೂಡಿಸಿಕೊಂಡು ಎರಡು ಕಪ್ಪು ಚಹಾ ತರಿಸಿದೆವು. ಮಾಳಿಗೆಯ ಯಾವ ಕೊಳವೆ ಪ್ರತಿ ಮಳೆಗಾಲಕ್ಕೂ ಕಟ್ಟುತ್ತದೆ, ಯಾವ ಕಿಟಕಿಯ ಚಿಲಕ ಹೊರಗಿನಿಂದಲೇ ತೆಗೆಯಬಹುದು, ಹಿಂದಿನ ಮೆಟ್ಟಿಲ ಬಾಗಿಲಿಗೆ ಯಾರು ಹಳೆಯ ಕುರ್ಚಿಗಳನ್ನು ಅಡ್ಡ ಇಟ್ಟಿದ್ದಾರೆ, ರಾತ್ರಿ ಪಕ್ಕದ ಕಟ್ಟಡದ ವಾಚಮನ್ ಯಾರು, ಎಲ್ಲವೂ ಅವರಿಗೆ ಗೊತ್ತಿತ್ತು. ಹಳೆಯ 46 ಪುಟಗಳಲ್ಲಿ ಇವುಗಳಲ್ಲಿ ಒಂದೂ ಇರಲಿಲ್ಲ. "ಇಪ್ಪತ್ತೆರಡು ವರ್ಷದಲ್ಲಿ ಯಾರೂ ಕೇಳಲಿಲ್ಲವಲ್ಲ, ಭಾವೂ" ಎಂದರು. ಹೊಸ ಯೋಜನೆ ನಾಲ್ಕು ಪುಟವಾಯಿತು. ಮೊದಲನೆಯ ಪುಟ ಬಾಗಿಲ ಬಳಿ ಗೋಡೆಯ ಮೇಲೆ, ಮರಾಠಿಯಲ್ಲಿ, ದಪ್ಪ ಅಕ್ಷರದಲ್ಲಿದೆ. ಪೂರ್ತಿ ಪ್ರತಿ ಸಾಹೇಬರ ಮನೆಯಲ್ಲೊಂದು, ಹೆಡ್ ಕ್ಲಾರ್ಕರ ಮನೆಯಲ್ಲೊಂದು, ಮಾಮಾ ಅವರ ಮನೆಯಲ್ಲೊಂದು. ಫೋನ್ ನಂಬರುಗಳನ್ನು ಪ್ರತಿ ತಿಂಗಳ ಮೊದಲನೆಯ ದಿನ ಪಗಾರದ ಪಟ್ಟಿಯೊಡನೆ ತಿದ್ದುತ್ತೇವೆ. ಪಗಾರವನ್ನಂತೂ ಯಾರೂ ಮರೆಯುವುದಿಲ್ಲವಷ್ಟೆ!

ಹೀಗೆ ನಮ್ಮ ಬೆನ್ನು ನಾವೇ ತಟ್ಟಿಕೊಳ್ಳುತ್ತಿರುವಾಗ 2024ರ ಒಂದು ಶುಕ್ರವಾರ ಸಂಜೆ ನಾಲ್ಕಕ್ಕೆ ಸಾಹೇಬರು ಎದ್ದು ನಿಂತು, "ಈಗಿನಿಂದ ನಾನೂ ಇಲ್ಲ, ಹೆಡ್ ಕ್ಲಾರ್ಕರೂ ಇಲ್ಲ. ಕಂಪ್ಯೂಟರು ಸುಟ್ಟುಹೋಗಿದೆ. ನಡೆಸಿ ನೋಡೋಣ" ಎಂದು ಮೂಲೆಯ ಕುರ್ಚಿಯಲ್ಲಿ ಕುಳಿತುಬಿಟ್ಟರು. ನಾವು ದಿಟ್ಟವಾಗಿ ಹೋಗಿ ನಕಲು ಇಟ್ಟಿದ್ದ ಡ್ರೈವ್ ತರಿಸಿ, ಬೇರೆ ವಿಭಾಗದ ಕಂಪ್ಯೂಟರಿಗೆ ಹಚ್ಚಿದೆವು. ಏಪ್ರಿಲಿನಿಂದ ಈಚೆಗೆ ಒಂದು ಅಕ್ಷರವೂ ಅದರಲ್ಲಿರಲಿಲ್ಲ. ಡ್ರೈವ್ ತುಂಬಿಹೋಗಿತ್ತು. ದಿನವೂ 'ನಕಲು ಆಯಿತು' ಎಂದು ಪುಸ್ತಕದಲ್ಲಿ ಶೆರಾ ಬರೆದು ರುಜು ಹಾಕುತ್ತಿದ್ದವರು ನಾವೇ. ತೆರೆದು ನೋಡಿದವರು ಯಾರೂ ಇಲ್ಲ. ಸಾಹೇಬರು ಏನೂ ಅನ್ನಲಿಲ್ಲ, ಅದು ಅಂದದ್ದಕ್ಕಿಂತ ಹೆಚ್ಚಾಯಿತು. ಈಗ ಪ್ರತಿ ಶುಕ್ರವಾರ ನಕಲಿನಿಂದ ಯಾವುದಾದರೂ ಒಂದು ಫೈಲು ತೆರೆದು, ಅದರ ಒಂದು ಪುಟವನ್ನು ಅಚ್ಚು ತೆಗೆದು ಲಗತ್ತಿಸಿದ ಮೇಲೆಯೇ ರುಜು.

ಅದೇ ವರ್ಷದ ಜುಲೈ 19ರಂದು ಒಂದು ಸುರಕ್ಷಾ ಸಾಫ್ಟ್‌ವೇರಿನ ತಿದ್ದುಪಡಿ ಕೆಟ್ಟು, ಪ್ರಪಂಚದಲ್ಲಿ ಸುಮಾರು 85 ಲಕ್ಷ ಕಂಪ್ಯೂಟರುಗಳು ನೀಲಿ ಮುಖ ಮಾಡಿಕೊಂಡು ಕುಳಿತವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರಿಗೆ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಟ್ಟರು. ಹೈದರಾಬಾದಿನಿಂದ ಹೊರಟವರೊಬ್ಬರ ಅಂತಹ ಪಾಸಿನ ಚಿತ್ರ ಎಲ್ಲೆಡೆ ಓಡಾಡಿತು. ಜನ ನಕ್ಕರು. ನಮಗೆ ನಗು ಬರಲಿಲ್ಲ, ಹೊಟ್ಟೆಕಿಚ್ಚು ಬಂತು. ಖಾಲಿ ಪಾಸುಗಳು, ಪೆನ್ನು, ಬರೆಯಬಲ್ಲವರು, ಹಾಗೆ ಬರೆದದ್ದನ್ನು ಒಪ್ಪುವ ಬಾಗಿಲಿನವರು, ಇಷ್ಟೂ ಆ ಹೊತ್ತಿಗೆ ಅಲ್ಲಿ ಸಿಕ್ಕಿತಲ್ಲ! ನಾವು ಕೂಡಲೆ ಆವಕದ ಹಳೆಯ ರಿಜಿಸ್ಟರುಗಳಲ್ಲಿ ಎರಡನ್ನು ರದ್ದಿಯಿಂದ ಬಿಡಿಸಿ, ಗೆರೆ ಹೊಡೆದು, ಕಪಾಟಿನ ಮೇಲೆ ಇಟ್ಟೆವು. ಒಳಗಲ್ಲ, ಮೇಲೆ.

ಇದೆಲ್ಲ ಕಚೇರಿಯ ಮಾತು. ಆದರೆ ಈ ಪತ್ರಿಕೆಯ ಅಂಚೆ ವಿಳಾಸಗಳ ಪಟ್ಟಿ ಒಬ್ಬರೇ ಹಿರಿಯರ ಕಂಪ್ಯೂಟರಿನಲ್ಲಿದೆಯೆಂದೂ, ಸಂಘದ ಹಳೆಯ ಸದಸ್ಯರ ರಿಜಿಸ್ಟರು ಖಜಾಂಚಿಯವರ ಮಂಚದ ಕೆಳಗಿನ ಟ್ರಂಕಿನಲ್ಲಿದೆಯೆಂದೂ ಮೊನ್ನೆ ಕಾರ್ಯಕಾರಿ ಸಮಿತಿಯಲ್ಲಿ ಮಾತು ಬಂತು. ಖಜಾಂಚಿಯವರ ಮನೆ ತಳ ಅಂತಸ್ತಿನಲ್ಲಿದೆ. ನಾವು ಇಷ್ಟನ್ನೇ ಹೇಳಿ ಸುಮ್ಮನಾದೆವು. ಮಳೆಗಾಲಕ್ಕೆ ಮೊದಲು ಎರಡು ಭಾನುವಾರ ಸಂಘದ ವಾಚನಾಲಯದಲ್ಲಿ ಕುಳಿತು ಇವನ್ನು ನಕಲು ಮಾಡುವುದೆಂದು ಠರಾವಾಗಿದೆ. ಹರೆಯದವರು ಫೋನಿನಿಂದ ಪುಟಗಳ ಚಿತ್ರ ತೆಗೆಯಬಹುದು, ಹಿರಿಯರು ಹೆಸರು ಓದಿ ಹೇಳಬಹುದು. ಆ ಮೊದಲ ಪುಟಗಳ ಕೈಬರಹ ಓದಬಲ್ಲವರು ಈಗ ನಮ್ಮಲ್ಲಿ ಬಹಳ ಜನ ಉಳಿದಿಲ್ಲ.

ಹೊಸ ಯೋಜನೆಯ ನಾಲ್ಕು ಪುಟಗಳನ್ನು ನಾವು ಮೊದಲು ತಂದೆಯವರಿಗೆ ತೋರಿಸಿದ್ದೆವು. ನಿವೃತ್ತರಾದ ಮೇಲೆ ಅವರು ಕಾಗದವನ್ನು ದೂರ ಹಿಡಿದು ನಿಧಾನವಾಗಿ ಓದುತ್ತಾರೆ. ಎಲ್ಲ ಓದಿ, ಕನ್ನಡಕ ತೆಗೆದು, ಅಡಿಗೆಮನೆಯ ಕಡೆಗೊಮ್ಮೆ ನೋಡಿ, "ಛಲೋ ಬರದೀ. ಆದ್ರ ಇದರಾಗ, ಮಂದಿ ಕಚೇರಿಯೊಳಗs ಉಳದ್ರ ಅವರ ಮನೀಗೆ ಫೋನ್ ಮಾಡಿ ಹೇಳಾವ್ರು ಯಾರಂತ ಬರದೀಯೇನು?" ಎಂದು ಕೇಳಿದರು.

ಬರೆದಿರಲಿಲ್ಲ. ಮರುದಿನ ಹೋಗಿ ಮೊದಲನೆಯ ಪುಟದಲ್ಲಿಯೇ ಎರಡನೆಯ ಸಾಲಾಗಿ ಸೇರಿಸಿದೆವು. ಆ ಕೆಲಸಕ್ಕೆ ಇಬ್ಬರ ಹೆಸರಿದೆ. ಮಾಮಾ ಅವರದೊಂದು, ನಮ್ಮದೊಂದು.